ಸಲ್ಯೂಷನ್ ಡಬ್ಬಿ ಮುಂದೆ ದಿನವಿಡೀ ಕೂರುವವರಿಗೆ: ಬೆಂಜೀನ್ ಅಪಾಯವನ್ನು ಮತ್ತೆ ಲೆಕ್ಕ ಹಾಕುವುದು ಹೇಗೆ

ನಮ್ಮ ಚಿಕ್ಕಪ್ಪನ ಪಂಕ್ಚರ್ ಅಂಗಡಿ ಇರುವುದು ದಾವಣಗೆರೆಯಲ್ಲಿ, ಪಿ.ಬಿ. ರಸ್ತೆಗೆ ಹತ್ತಿರ. ರಾತ್ರಿ ಶಟರ್ ಎಳೆಯುವ ಮೊದಲು ಅವರು ತಪ್ಪದೆ ಮಾಡುತ್ತಿದ್ದ ಕೆಲಸ ಒಂದಿತ್ತು. ಬಾಟಲಿಯಲ್ಲಿಟ್ಟ ಪೆಟ್ರೋಲನ್ನು ಅಂಗೈಗೆ ಸುರಿದುಕೊಂಡು ಮೊಣಕೈವರೆಗೆ ತಿಕ್ಕುತ್ತಿದ್ದರು. ಕಪ್ಪು ಹೋಗುತ್ತದೆ, ಅಂಟು ಬಿಡುತ್ತದೆ, ಕೈ ಬೆಳ್ಳಗಾಗುತ್ತದೆ. ಚಿಕ್ಕವನಿದ್ದಾಗ ಅವರು ಮನೆಗೆ ಬಂದರು ಅಂತ ನನಗೆ ಗೊತ್ತಾಗುತ್ತಿದ್ದದ್ದೇ ಆ ವಾಸನೆಯಿಂದ.

ದೊಡ್ಡವನಾದ ಮೇಲೆ ಒಮ್ಮೆ ಹೇಳಿದೆ, "ಚಿಕ್ಕಪ್ಪ, ಇದು ಒಳ್ಳೇದಲ್ಲ." ಅವರು ಹೇಳಿದ್ದು ಇಷ್ಟೇ: "ಮೂವತ್ತು ವರ್ಷ ಆಯ್ತು ಕಣೋ, ಏನಾಗಿದೆ ನನಗೆ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅಂತ ಓದಲು ಕೂತೆ. ಓದಿದ್ದನ್ನು, ಅಂಗಡಿಯಲ್ಲಿ ಮಾಡಿ ನೋಡಿದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಪಂಕ್ಚರ್ ಅಂಗಡಿಯವರು, ಸವೆದ ಟೈರಿಗೆ ಹೊಸ ರಬ್ಬರ್ ಕೂರಿಸುವ, ಅಂದರೆ ರೀಟ್ರೆಡ್ ಮಾಡುವವರು, ಸೈಕಲ್ ಶಾಪಿನವರು, ಚಪ್ಪಲಿಗೆ ಅಟ್ಟೆ ಅಂಟಿಸುವವರು, ಒಟ್ಟಿನಲ್ಲಿ ರಬ್ಬರಿಗೆ ಅಂಟು ಹಚ್ಚಿ ಬದುಕುವ ಎಲ್ಲರಿಗೂ ಇದು. ಅವರ ಮನೆಯವರು ಓದಿದರೆ ಇನ್ನೂ ಒಳ್ಳೆಯದು.

ಶುರು ಮಾಡುವ ಮೊದಲು: ಲೆಕ್ಕ ಎಷ್ಟು ಸಲ ಬದಲಾಗಿದೆ ನೋಡಿ

ಬೆಂಜೀನ್ ಅಂದರೆ ನೀರಿನ ಹಾಗೆ ತಿಳಿಯಾದ, ಸ್ವಲ್ಪ ಸಿಹಿ ವಾಸನೆಯ ದ್ರವ. ರಬ್ಬರನ್ನು ಚೆನ್ನಾಗಿ ಕರಗಿಸುತ್ತದೆ, ಬೇಗ ಆರುತ್ತದೆ. ಹಾಗಾಗಿ ರಬ್ಬರ್ ಕೆಲಸದಲ್ಲಿ ಇದಕ್ಕೆ ಬಹಳ ಬೇಡಿಕೆ ಇತ್ತು. ಪೆಟ್ರೋಲಿನಲ್ಲೂ ಇದು ಸ್ವಲ್ಪ ಇರುತ್ತದೆ.

ಅಮೆರಿಕದಲ್ಲಿ 1946ರಲ್ಲಿ ಎಸಿಜಿಐಎಚ್ ಅನ್ನುವ ತಜ್ಞರ ಸಂಸ್ಥೆಯವರು ಕೆಲಸದ ಜಾಗದ ಗಾಳಿಯಲ್ಲಿ 100 ಪಿಪಿಎಂ ಬೆಂಜೀನ್ ಇದ್ದರೂ ನಡೆಯುತ್ತದೆ ಅಂದಿದ್ದರು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲು ಆವಿ ಇದ್ದರೆ ಅದು 1 ಪಿಪಿಎಂ. ಮರುವರ್ಷವೇ ಅದನ್ನು 50ಕ್ಕೆ ಇಳಿಸಿದರು. ಅದರ ಮರುವರ್ಷ 35. 1957ಕ್ಕೆ 25. ಎಪ್ಪತ್ತರ ದಶಕದಲ್ಲಿ 10. 1997ರಲ್ಲಿ 0.5. 2024ರಲ್ಲಿ ಅದೇ ಸಂಸ್ಥೆ ಅದನ್ನು 0.02ಕ್ಕೆ ಇಳಿಸಿತು. ಎಂಬತ್ತು ವರ್ಷದೊಳಗೆ ಐದು ಸಾವಿರ ಪಟ್ಟು ಕಡಿಮೆ. ಡಬ್ಬಿಯಲ್ಲಿದ್ದ ಬೆಂಜೀನ್ ಮಾತ್ರ ಅದೇ.

ಈ ಸಂಖ್ಯೆಗಳು ಇಳಿದದ್ದರ ಹಿಂದೆ ನಮ್ಮಂಥ ಕೆಲಸಗಾರರೇ ಇದ್ದಾರೆ. ಅಮೆರಿಕದ ಒಹಾಯೋ ರಾಜ್ಯದಲ್ಲಿ ಪ್ಲಿಯೋಫಿಲ್ಮ್ ಅನ್ನುವ ತೆಳು ಹಾಳೆ ತಯಾರಿಸುತ್ತಿದ್ದರು. ನೈಸರ್ಗಿಕ ರಬ್ಬರನ್ನು ಬೆಂಜೀನ್‌ನಲ್ಲಿ ಕರಗಿಸಿ ಹಾಳೆ ಎಳೆದು, ಆ ಬೆಂಜೀನನ್ನು ಆರಿಸಿ ತೆಗೆಯುವ ಕೆಲಸ. ಅಲ್ಲಿ ದುಡಿದವರ ಹಳೆಯ ದಾಖಲೆಗಳನ್ನು 1977ರಲ್ಲಿ ತೆಗೆದು ನೋಡಿದಾಗ ಲ್ಯೂಕೇಮಿಯಾದಿಂದ, ಅಂದರೆ ರಕ್ತದ ಕ್ಯಾನ್ಸರಿನಿಂದ ಸತ್ತವರು ಜಾಸ್ತಿ ಕಂಡರು. 1987ರಲ್ಲಿ ಬಂದ ದೊಡ್ಡ ಲೆಕ್ಕದಲ್ಲಿ 1,165 ಗಂಡಸರಿದ್ದರು. ಸಾಮಾನ್ಯ ಜನರ ಲೆಕ್ಕದಲ್ಲಿ ಅಷ್ಟು ಜನರಲ್ಲಿ ಸುಮಾರು 2.7 ಮಂದಿ ಲ್ಯೂಕೇಮಿಯಾದಿಂದ ಸಾಯಬೇಕಿತ್ತು. ಸತ್ತವರು 9.

ಈ ನಡುವೆ ಅಲ್ಲಿನ ಸರ್ಕಾರ ಕಾನೂನಿನ ಮಿತಿಯನ್ನು 10ರಿಂದ 1 ಪಿಪಿಎಂಗೆ ಇಳಿಸಲು ಹೊರಟಿತು. ಉದ್ಯಮದವರು ಕೋರ್ಟಿಗೆ ಹೋದರು. 10ರಲ್ಲಿ ಅಪಾಯ ಎಷ್ಟು ಅಂತ ಸರ್ಕಾರ ಸರಿಯಾಗಿ ತೋರಿಸಿಲ್ಲ ಅಂತ 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಅಪಾಯವನ್ನು ಮತ್ತೆ ಅಳೆದು, ಮತ್ತೆ ಬರೆದು, 1 ಪಿಪಿಎಂ ಜಾರಿಗೆ ಬಂದದ್ದು 1987ರಲ್ಲಿ. ಈ ಹತ್ತು ವರ್ಷವೂ ಜನ ಅದೇ ಗಾಳಿಯಲ್ಲಿ ಕೆಲಸ ಮಾಡಿದ್ದಾರೆ ಅನ್ನುವುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಸಣ್ಣ ಅಂಗಡಿಗಳಿಗೆ ಇದಕ್ಕಿಂತ ಹತ್ತಿರವಾದ ಕಥೆ ಇಸ್ತಾಂಬುಲ್‌ನದು. ಅಲ್ಲಿ ಸಣ್ಣ ಸಣ್ಣ ಕೋಣೆಗಳಲ್ಲಿ ಕೂತು ಬೆಂಜೀನ್ ಇದ್ದ ಅಂಟಿನಿಂದ ಚಪ್ಪಲಿ, ಬೂಟು ಮಾಡುತ್ತಿದ್ದವರಲ್ಲಿ 26 ಜನರಿಗೆ ಲ್ಯೂಕೇಮಿಯಾ ಬಂದದ್ದನ್ನು ಮುಜಾಫರ್ ಅಕ್ಸೊಯ್ ಅನ್ನುವ ವೈದ್ಯರು 1974ರಲ್ಲಿ ಬರೆದು ಪ್ರಕಟಿಸಿದರು. ಆ ಅಂಟಿನ ಬಳಕೆ ಕಡಿಮೆಯಾದ ಮೇಲೆ ಹೊಸದಾಗಿ ಬರುವ ರೋಗಿಗಳೂ ಕಡಿಮೆಯಾದರು. ಆಮೇಲೆ 2004ರಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ ಬೂಟು ಮಾಡುವ 250 ಕೆಲಸಗಾರರ ರಕ್ತ ಪರೀಕ್ಷೆ ಮಾಡಿ ನೋಡಿದರು. 1 ಪಿಪಿಎಂಗಿಂತ ಕಡಿಮೆ ಗಾಳಿಯಲ್ಲಿ ಕೆಲಸ ಮಾಡಿದವರಲ್ಲೂ ಬಿಳಿ ರಕ್ತಕಣ ಇಳಿದಿದ್ದವು. ಅಂದರೆ ಅಷ್ಟು ಕಷ್ಟಪಟ್ಟು ತಂದ 1 ಪಿಪಿಎಂ ಕೂಡ ಸಾಕಾಗಲಿಲ್ಲ.

ಇದು ದೇಹದಲ್ಲಿ ಏನು ಮಾಡುತ್ತದೆ? ಉಸಿರಿನಲ್ಲಿ ಹೋದ ಬೆಂಜೀನನ್ನು ಲಿವರ್ ಒಡೆಯುತ್ತದೆ. ಒಡೆದಾಗ ಹುಟ್ಟುವ ವಸ್ತುಗಳು ರಕ್ತದ ಜೊತೆ ಮೂಳೆಯೊಳಗಿನ ಮಜ್ಜೆಗೆ ಹೋಗುತ್ತವೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ತಯಾರಾಗುವುದು ಅಲ್ಲೇ. ಮೊದಲು ಕಣ ಕಡಿಮೆಯಾಗುತ್ತವೆ. ಕೆಲವರಲ್ಲಿ ವರ್ಷಗಳ ನಂತರ ಕ್ಯಾನ್ಸರ್. ನೋವಿಲ್ಲ, ಕೆಮ್ಮಿಲ್ಲ. "ಏನಾಗಿದೆ ನನಗೆ" ಅನ್ನುವ ಪ್ರಶ್ನೆಗೆ ಕನ್ನಡಿ ನೋಡಿ ಉತ್ತರ ಹೇಳಲಾಗುವುದಿಲ್ಲ, ಅದಕ್ಕೇ ಈ ಹಂತಗಳು ಬೇಕು.

ಒಂದು ಮಾತು ನೆನಪಿಡಿ. ಪಂಕ್ಚರ್ ಹಾಕುವವರೆಲ್ಲ ಆ ಒಹಾಯೋ ಕಾರ್ಖಾನೆಯವರಷ್ಟು ಬೆಂಜೀನ್ ಉಸಿರಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಎಷ್ಟು ಒಳಗೆ ಹೋಗುತ್ತದೆ, ಎಷ್ಟು ವರ್ಷ ಹೋಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದನ್ನು ತಿಳಿಯುವುದೇ ಕೆಲಸ.

ಹಂತ 1: ಡಬ್ಬಿಯಲ್ಲಿ ಏನಿದೆ, ಓದಿ

ಅಂಗಡಿಯಲ್ಲಿರುವ ಎಲ್ಲ ಡಬ್ಬಿ, ಕ್ಯಾನು, ಬಾಟಲಿ ಒಂದು ಕಡೆ ಇಡಿ. ಪಂಕ್ಚರಿಗೆ ಹಚ್ಚುವ ಅಂಟು ಅಂದರೆ ಸಲ್ಯೂಷನ್, ರೀಟ್ರೆಡ್‌ಗೆ ಬಳಿಯುವ ರಬ್ಬರ್ ಸಿಮೆಂಟ್, ಚಪ್ಪಲಿ ಅಂಟು, ತೆಳು ಮಾಡಲು ಬೆರೆಸುವ ತಿನ್ನರ್, ಪೆಟ್ರೋಲ್. ಪೆಟ್ರೋಲನ್ನು ಮರೆಯಬೇಡಿ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಲೇಬಲ್ ಮೇಲೆ ಮನುಷ್ಯನ ಎದೆಯಲ್ಲಿ ನಕ್ಷತ್ರ ಒಡೆದಂತಿರುವ ಕೆಂಪು ಅಂಚಿನ ಚಿತ್ರ ಇದ್ದರೆ, ಬಹಳ ಕಾಲ ಬಳಸಿದರೆ ದೇಹದೊಳಗೆ ಹಾನಿ ಮಾಡುವ ವಸ್ತು ಅದರಲ್ಲಿದೆ ಅಂತ ಅರ್ಥ. ಬೆಂಕಿಯ ಚಿತ್ರ ಎಲ್ಲದರ ಮೇಲೂ ಇರುತ್ತದೆ, ಅದು ಬೇರೆ. ಎಚ್350 ಅಂತ ಬರೆದಿದ್ದರೆ ಕ್ಯಾನ್ಸರ್ ತರಬಹುದು ಅಂತಲೇ ಬರೆದಂತೆ.

ಹೆಸರಿನಲ್ಲಿ ಒಂದು ಗೊಂದಲ ಇದೆ. ಬೆಂಜೀನ್ ಬೇರೆ, ಪೆಟ್ರೋಲಿಯಂ ಬೆಂಜಿನ್ ಬೇರೆ. ಎರಡನೆಯದು ಪೆಟ್ರೋಲಿನಂಥ ಹಲವು ದ್ರವಗಳ ಮಿಶ್ರಣ. ಅದರಲ್ಲಿ ಬೆಂಜೀನ್ ಸ್ವಲ್ಪ ಇರಬಹುದು, ಇಲ್ಲದೆಯೂ ಇರಬಹುದು. ಕೌಂಟರಿನಲ್ಲಿ ಕೇಳಿದರೆ ಎರಡೂ ಒಂದೇ ಥರ ಕೇಳಿಸುತ್ತದೆ. ಆದ್ದರಿಂದ ಹೆಸರನ್ನು ಬಿಟ್ಟು ನಂಬರ್ ಹಿಡಿಯಿರಿ. ಪ್ರತಿ ರಾಸಾಯನಿಕಕ್ಕೂ ಸಿಎಎಸ್ ನಂಬರ್ ಅಂತ ಒಂದು ಇರುತ್ತದೆ. ಬೆಂಜೀನ್‌ನದು 71-43-2. ಟಾಲ್ಯೂನ್ 108-88-3. ಎನ್-ಹೆಕ್ಸೇನ್ 110-54-3. ಈ ಮೂರನ್ನು ಗೋಡೆ ಮೇಲೆ ಬರೆದುಕೊಳ್ಳಿ.

ನಂಬರ್ ಸಿಗುವುದು ಸೇಫ್ಟಿ ಡಾಟಾ ಶೀಟಿನಲ್ಲಿ. ಕಂಪನಿಗಳು ಪ್ರತಿ ಮಾಲಿಗೂ ಇದನ್ನು ಮಾಡಿರುತ್ತವೆ, 16 ಭಾಗ ಇರುತ್ತದೆ. ಪೂರ್ತಿ ಓದಬೇಕಿಲ್ಲ. ಮೂರನೇ ಭಾಗದಲ್ಲಿ ಏನೇನು ಎಷ್ಟು ಬೆರೆಸಿದ್ದಾರೆ, ಎಂಟನೇ ಭಾಗದಲ್ಲಿ ಗಾಳಿಯ ಮಿತಿ ಮತ್ತು ಕೈಗವಸು, ಹನ್ನೊಂದನೇ ಭಾಗದಲ್ಲಿ ಆರೋಗ್ಯ. ಡೀಲರಿಗೆ ವಾಟ್ಸಾಪ್ ಮಾಡಿ "ಡಾಟಾ ಶೀಟ್ ಕಳಿಸಿ" ಅನ್ನಿ. ನಾನು ಕೇಳಿದ ಒಬ್ಬ ಡೀಲರ್ ಮೊದಲು "ಅದೆಲ್ಲ ಯಾಕೆ ಅಣ್ಣ" ಅಂದರು, ಎರಡು ಸಲ ಕೇಳಿದ ಮೇಲೆ ಕಳಿಸಿದರು. ಕಳಿಸದಿದ್ದರೆ, ಅಥವಾ ಡಬ್ಬಿ ಮೇಲೆ ಕಂಪನಿ ಹೆಸರೇ ಇಲ್ಲದ ಸಡಿಲ ಮಾಲಾದರೆ, ಅದನ್ನು ಬಿಟ್ಟುಬಿಡಿ. ಲೀಟರಿಗೆ ಹತ್ತಿಪ್ಪತ್ತು ರೂಪಾಯಿ ಉಳಿಸಲು ಏನು ಉಸಿರಾಡುತ್ತಿದ್ದೇವೆ ಅಂತಲೇ ಗೊತ್ತಿಲ್ಲದೆ ಕೂರುವುದು ಬೇಡ.

ಹಂತ 2: ಒಂದು ಟೀ ಲೋಟದ ಲೆಕ್ಕ

ಇದು ನನಗೆ ಕಣ್ಣು ತೆರೆಸಿದ ಲೆಕ್ಕ. ನೀವೂ ಮಾಡಿ ನೋಡಬಹುದು.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಮಳಿಗೆ ಅಂದುಕೊಳ್ಳಿ. ಅದರೊಳಗೆ ಸುಮಾರು 28,300 ಲೀಟರ್ ಗಾಳಿ ಹಿಡಿಯುತ್ತದೆ. 1 ಮಿಲಿಲೀಟರ್ ಬೆಂಜೀನ್ ಪೂರ್ತಿ ಆವಿಯಾದರೆ ಸುಮಾರು 275 ಮಿಲಿಲೀಟರಿನಷ್ಟು ಆವಿ ಆಗುತ್ತದೆ. ಭಾಗಿಸಿ ನೋಡಿ, ಮಳಿಗೆ ಮುಚ್ಚಿದ್ದರೆ ಗಾಳಿಯಲ್ಲಿ ಹೆಚ್ಚುಕಡಿಮೆ 10 ಪಿಪಿಎಂ. ಒಂದೇ ಒಂದು ಮಿಲಿಲೀಟರಿಗೆ, ಅಂದರೆ ಸುಮಾರು ಇಪ್ಪತ್ತು ಹನಿಗೆ.

ಈಗ ಪೆಟ್ರೋಲಿಗೆ ಬನ್ನಿ. ಇವತ್ತು ಬಂಕಿನಲ್ಲಿ ಸಿಗುವ ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ರವರೆಗೆ ಇರಬಹುದು ಅಂತ ನಿಯಮ. ಅಂದರೆ 100 ಮಿಲಿಲೀಟರ್ ಪೆಟ್ರೋಲಿನಲ್ಲಿ, ಒಂದು ಸಣ್ಣ ಟೀ ಲೋಟದಷ್ಟರಲ್ಲಿ, 1 ಮಿಲಿಲೀಟರ್ ಬೆಂಜೀನ್ ಇರಬಹುದು. ಕೈ ತೊಳೆಯಲು, ಟ್ಯೂಬ್ ಒರೆಸಲು, ಗಟ್ಟಿಯಾದ ಸಲ್ಯೂಷನ್ ತೆಳು ಮಾಡಲು ದಿನಕ್ಕೆ ಒಂದು ಲೋಟ ಖರ್ಚಾಗುವುದಿಲ್ವಾ? ಶಟರ್ ತೆರೆದಿದ್ದರೆ ಗಾಳಿ ಬಂದು ಅದು ಬೇಗ ತಿಳಿಯಾಗುತ್ತದೆ, ನಿಜ. ಮಳೆಗೆ ಶಟರ್ ಅರ್ಧ ಇಳಿಸಿ ಕೆಲಸ ಮಾಡುವ ದಿನ ಹಾಗಾಗುವುದಿಲ್ಲ.

ಚಿಕ್ಕಪ್ಪ ಮೂವತ್ತು ವರ್ಷ ಅಂದರಲ್ಲ, ಆ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. 2000ನೇ ಇಸವಿ ಹೊತ್ತಿನಲ್ಲಿ ದೇಶದ ಹೆಚ್ಚಿನ ಕಡೆ ಪೆಟ್ರೋಲಿನಲ್ಲಿ ಬೆಂಜೀನ್ ಶೇ. 5ರವರೆಗೆ ಇರಲು ಅವಕಾಶ ಇತ್ತು. ಅವರು ಹುಡುಗರಾಗಿದ್ದಾಗ ಕೈ ತೊಳೆದ ಪೆಟ್ರೋಲ್ ಇವತ್ತಿನ ಪೆಟ್ರೋಲ್ ಅಲ್ಲ.

ಹಂತ 3: ನಿಮ್ಮ ಒಂದು ದಿನವನ್ನು ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ವಾರ, ಎಷ್ಟು ಹೊತ್ತಿಗೆ ಡಬ್ಬಿ ತೆರೆದಿರಿ, ಎಷ್ಟು ಹೊತ್ತಿಗೆ ಮುಚ್ಚಿದಿರಿ, ಎಲ್ಲಿ ಕೂತಿದ್ದಿರಿ, ಕೈಗೆ ತಾಗಿತಾ, ಹತ್ತಿರ ಯಾರಿದ್ದರು, ಇಷ್ಟನ್ನು ಬರೆಯಿರಿ. ಸುಮ್ನೆ ಅಂದಾಜು ಸಾಕು. ನಾವು ಬರೆದಾಗ ಗೊತ್ತಾದದ್ದು ಏನೆಂದರೆ, ಸಲ್ಯೂಷನ್ ಹಚ್ಚುವ ಕೆಲಸ ದಿನಕ್ಕೆ ಒಂದು ಗಂಟೆಯೂ ಇಲ್ಲ, ಡಬ್ಬಿ ಬಾಯಿ ತೆರೆದುಕೊಂಡು ಕಾಲ ಬಳಿ ಇರುತ್ತಿದ್ದದ್ದು ಎಂಟು ಗಂಟೆ.

ಬರೆಯುವಾಗ ಇವನ್ನು ಗಮನಿಸಿ.

ಬೆಂಜೀನ್ ಆವಿ ಗಾಳಿಗಿಂತ ಸುಮಾರು 2.7 ಪಟ್ಟು ಭಾರ. ಗಟ್ಟಿ ಆವಿ ನೆಲಕ್ಕೆ ಇಳಿಯುತ್ತದೆ, ಗುಂಡಿಯಲ್ಲಿ ನಿಲ್ಲುತ್ತದೆ. ನಾವು ಪಂಕ್ಚರ್ ಹಾಕುವುದು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಟ್ಯೂಬನ್ನು ತೊಡೆ ಮೇಲೆ ಹಾಕಿಕೊಂಡು, ಮುಖ ಬಗ್ಗಿಸಿ. ಒಣಗಲಿ ಅಂತ ಬಾಯಲ್ಲಿ ಊದುವವರೂ ಇದ್ದಾರೆ. ಊದಿದ ಮೇಲೆ ಮುಂದಿನ ಉಸಿರು ಎಲ್ಲಿಂದ ಎಳೆದುಕೊಳ್ಳುತ್ತೀರಿ ಯೋಚಿಸಿ.

ಬಿಸಿಲು. ಚಿತ್ರದುರ್ಗದ ಹೆದ್ದಾರಿ ಬದಿಯಲ್ಲಿ ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ ಕೂತವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಡಬ್ಬಿ ಮುಚ್ಚಳ ತೆಗೆದರೆ ವಾಸನೆ ಮುಖಕ್ಕೆ ಹೊಡೆಯುತ್ತದೆ. 20 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಬೆಂಜೀನ್ ಆವಿಯ ಒತ್ತಡ ಎರಡು ಪಟ್ಟಿಗೂ ಜಾಸ್ತಿ.

ವಾಸನೆಯನ್ನು ನಂಬಬೇಡಿ. ಮೂಗಿಗೆ ಬೆಂಜೀನ್ ತಿಳಿಯುವ ಹೊತ್ತಿಗೆ ಇವತ್ತಿನ ಮಿತಿಗಳನ್ನು ಅದು ದಾಟಿರುತ್ತದೆ. ಮೇಲಾಗಿ ದಿನಾ ಕೂತವರ ಮೂಗು ಒಗ್ಗಿಹೋಗಿರುತ್ತದೆ. ಹೊರಗಿನಿಂದ ಬಂದ ಗಿರಾಕಿ "ಏನು ವಾಸನೆ ಮಾರಾಯಾ" ಅಂದರೆ ಅವರ ಮಾತನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ಬೀಡಿ, ಸಿಗರೇಟ್. ಹೊಗೆಯಲ್ಲೇ ಬೆಂಜೀನ್ ಇದೆ, ಸೇದುವವರ ಮೈಗೆ ಹೋಗುವ ಬೆಂಜೀನ್‌ನಲ್ಲಿ ದೊಡ್ಡ ಪಾಲು ಅದರದೇ. ಸಲ್ಯೂಷನ್ ಪಕ್ಕ ಬೆಂಕಿ ಹಚ್ಚುವುದಂತೂ ಬೇರೆಯೇ ಅಪಾಯ.

ರೀಟ್ರೆಡ್ ಮಾಡುವ ಕಡೆ ಇನ್ನೂ ಎರಡು ಸೇರಿಸಿ. ಹಳೆ ಟ್ರೆಡ್ ಉಜ್ಜುವ ಬಫಿಂಗ್ ಧೂಳು, ಮತ್ತು ಟೈರ್ ಬೇಯಿಸುವ ಚೇಂಬರ್ ಬಾಗಿಲು ತೆಗೆದಾಗ ಬರುವ ಬಿಸಿ ಹೊಗೆ. ರಬ್ಬರ್ ತಯಾರಿಕೆಯ ಕೆಲಸವನ್ನೇ ಒಟ್ಟಾಗಿ ಕ್ಯಾನ್ಸರ್ ತರುವ ಕೆಲಸಗಳ ಮೊದಲ ಗುಂಪಿನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಟ್ಟಿದೆ. ಬೆಂಜೀನ್ ಕೂಡ ಅದೇ ಗುಂಪಿನಲ್ಲಿದೆ. ಆದರೆ ರೀಟ್ರೆಡ್‌ನಲ್ಲಿ ಆವಿಯ ವಿಷಯಕ್ಕೆ ಬಂದರೆ ಸಿಮೆಂಟ್ ಸ್ಪ್ರೇ ಮಾಡುವ, ಬಳಿದು ಒಣಗಿಸುವ ಮೂಲೆಯೇ ಮುಖ್ಯ. ಅಲ್ಲಿ ಯಾರನ್ನು ನಿಲ್ಲಿಸುತ್ತಾರೆ ನೋಡಿ. ಹೆಚ್ಚಾಗಿ ಹೊಸದಾಗಿ ಸೇರಿದ ಹುಡುಗನನ್ನು.

ಹಂತ 4: ಬದಲಾಯಿಸಿ, ಈ ಕ್ರಮದಲ್ಲೇ

ಎಲ್ಲರೂ ಮೊದಲು ಮಾಸ್ಕ್ ಕೊಳ್ಳುತ್ತಾರೆ. ಅದು ಕೊನೆಯದಾಗಬೇಕು.

ಮೊದಲು ಪೆಟ್ರೋಲನ್ನು ಕೈಯಿಂದ ದೂರ ಮಾಡಿ. ಇದಕ್ಕೆ ಹೆಚ್ಚು ಖರ್ಚಿಲ್ಲ, ಲಾಭ ಎಲ್ಲಕ್ಕಿಂತ ಜಾಸ್ತಿ. ಪೆಟ್ರೋಲ್ ಚರ್ಮದ ಎಣ್ಣೆಯನ್ನು ತೆಗೆದು ಒಡಕು ಮಾಡುತ್ತದೆ, ಆ ಒಡಕಿನಿಂದ ಇನ್ನಷ್ಟು ಒಳಗೆ ಹೋಗುತ್ತದೆ. ನಾವು ಈಗ ಅಡುಗೆಗೆ ಬಳಸುವ ಕಡಲೆಕಾಯಿ ಎಣ್ಣೆ ಬಳಸುತ್ತೇವೆ, ಪಕ್ಕದಲ್ಲೇ ಎಣ್ಣೆ ಗಾಣಗಳ ಊರು ಚಳ್ಳಕೆರೆ ಇರುವಾಗ ಎಣ್ಣೆಗೇನು ಬರ. ಎರಡು ಚಮಚ ಹಚ್ಚಿ, ಕಪ್ಪು ಬಿಡುವವರೆಗೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಪೆಟ್ರೋಲಿನಷ್ಟು ಬೇಗ ಆಗುವುದಿಲ್ಲ, ಐದು ನಿಮಿಷ ಹಿಡಿಯುತ್ತದೆ. ಚಿಕ್ಕಪ್ಪನ ಬೆರಳ ಸಂದಿಯ ಒಡಕು ಎರಡು ತಿಂಗಳಲ್ಲಿ ಕೂಡಿಕೊಂಡಿತು, ಅದನ್ನು ನೋಡಿಯೇ ಅವರು ಒಪ್ಪಿದ್ದು. ನನ್ನ ಪಿಪಿಎಂ ಲೆಕ್ಕ ಅವರಿಗೆ ಅಷ್ಟು ಹಿಡಿಸಿರಲಿಲ್ಲ.

ಗಟ್ಟಿಯಾದ ಸಲ್ಯೂಷನ್‌ಗೆ ಪೆಟ್ರೋಲ್ ಬೆರೆಸುವುದೂ ಬೇಡ. ದೊಡ್ಡ ಡಬ್ಬಿ ತಂದು ಒಣಗಿಸಿಕೊಳ್ಳುವ ಬದಲು ಸಣ್ಣ ಡಬ್ಬಿ, ಸಣ್ಣ ಟ್ಯೂಬ್ ತನ್ನಿ.

ಎರಡನೆಯದು, ಮಾಲು ಬದಲಾಯಿಸಿ. ಮೊದಲ ಹಂತದಲ್ಲಿ 71-43-2 ಸಿಕ್ಕಿದ ಡಬ್ಬಿಗೆ ಅಂಗಡಿಯಲ್ಲಿ ಜಾಗ ಇಲ್ಲ. ಆದರೆ ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. "ಬೆಂಜೀನ್ ಇಲ್ಲ" ಅಂತ ಮಾರುವ ಅಂಟಿನಲ್ಲಿ ಎನ್-ಹೆಕ್ಸೇನ್ ತುಂಬಿರಬಹುದು. ಅದು ರಕ್ತವನ್ನು ಬಿಟ್ಟು ನರವನ್ನು ಹಿಡಿಯುತ್ತದೆ. ಜಪಾನಿನಲ್ಲಿ 1960ರ ದಶಕದಲ್ಲಿ ಮನೆಯಲ್ಲೇ ಕೂತು ಚಪ್ಪಲಿ ಅಂಟಿಸುತ್ತಿದ್ದವರಿಗೆ ಕಾಲು ಜೋಮು ಹಿಡಿದು, ಆಮೇಲೆ ನಡೆಯಲು ಕಷ್ಟವಾಗುವಷ್ಟು ಬಲ ಹೋಯಿತು. ಕಾರಣ ಎನ್-ಹೆಕ್ಸೇನ್ ಇದ್ದ ಅಂಟು. ಪಾದದಲ್ಲಿ ಚುಚ್ಚಿದ ಹಾಗೆ, ಚಪ್ಪಲಿ ಜಾರಿ ಹೋದದ್ದೂ ಗೊತ್ತಾಗದ ಹಾಗೆ ಆಗುತ್ತಿದ್ದರೆ ಸಕ್ಕರೆ ಕಾಯಿಲೆ ಒಂದನ್ನೇ ಪರೀಕ್ಷೆ ಮಾಡಿಸಿ ಸುಮ್ಮನಾಗಬೇಡಿ, ಅಂಟಿನ ಬಗ್ಗೆ ಡಾಕ್ಟರಿಗೆ ಹೇಳಿ. ಟಾಲ್ಯೂನ್ ಕೂಡ ಸಾಧು ಅಲ್ಲ, ತಲೆಸುತ್ತು, ಕಿವಿ, ನರ, ಹೊಟ್ಟೆಯಲ್ಲಿರುವ ಮಗು, ಎಲ್ಲಕ್ಕೂ ತೊಂದರೆ. ಸಿಕ್ಕಿದರೆ ಹೆಪ್ಟೇನ್ ಇರುವ ಅಂಟು ಇವುಗಳಿಗಿಂತ ಮೇಲು. ಅದಕ್ಕೂ ಗಾಳಿ ಬೇಕೇ ಬೇಕು.

ಮೂರನೆಯದು ಮುಚ್ಚಳ. ಅಂಟನ್ನು ಬಾಯಿ ಕಿರಿದಾದ ಸಣ್ಣ ಡಬ್ಬಿಗೆ ಹಾಕಿ, ಮುಚ್ಚಳಕ್ಕೇ ಬ್ರಷ್ ಇರಲಿ. ಅದ್ದಿ, ಹಚ್ಚಿ, ಮುಚ್ಚಿ. ಬೆರಳಲ್ಲಿ ಹಚ್ಚಬೇಡಿ. ಒರೆಸಿದ ಬಟ್ಟೆಯನ್ನು ಮುಚ್ಚಳ ಇರುವ ತಗಡಿನ ಡಬ್ಬಕ್ಕೆ ಹಾಕಿ, ಮೂಲೆಯಲ್ಲಿ ಬಿದ್ದಿದ್ದರೆ ಅದೂ ಆವಿ ಬಿಡುತ್ತಲೇ ಇರುತ್ತದೆ.

ನಾಲ್ಕನೆಯದು ಗಾಳಿ ಮತ್ತು ಕೂರುವ ರೀತಿ. ನೆಲ ಬಿಟ್ಟು ಮೇಜಿನ ಎತ್ತರಕ್ಕೆ ಬನ್ನಿ, ಹಳೆ ಲಾರಿ ಹಲಗೆಯಲ್ಲಿ ಮಾಡಿಸಿದರೂ ಸಾಕು. ಶಟರ್ ಹತ್ತಿರ ಕೂತು, ಗಾಳಿ ನಿಮ್ಮ ಪಕ್ಕದಿಂದ ಬಂದು ಆಚೆ ಹೋಗುವಂತೆ ನೋಡಿಕೊಳ್ಳಿ. ಬೆನ್ನಿನ ಹಿಂದಿನಿಂದ ಫ್ಯಾನ್ ಇಟ್ಟರೆ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಹಿಂದಿನಿಂದ ಬರುವ ಗಾಳಿ ನಮ್ಮ ಮೈಯ ಎರಡೂ ಕಡೆ ಹಾದು ಎದೆಯ ಮುಂದೆ ಸುಳಿ ಸುತ್ತುತ್ತದೆ, ಆ ಸುಳಿ ಆವಿಯನ್ನು ಮೂಗಿನ ಹತ್ತಿರ ಎಳೆಯುತ್ತದೆ. ರೀಟ್ರೆಡ್ ಸ್ಪ್ರೇ ಕೋಣೆಯಾದರೆ ಗಾಳಿ ಹೊರಹಾಕುವ ಎಕ್ಸಾಸ್ಟ್ ನೆಲದ ಮಟ್ಟದಲ್ಲೂ ಬೇಕು, ಅದರ ಮೋಟಾರ್ ಕಿಡಿ ಹಾರದ ಫ್ಲೇಮ್‌ಪ್ರೂಫ್ ಆಗಿರಬೇಕು. ಮಾಮೂಲಿ ಫ್ಯಾನನ್ನು ಆವಿಯ ಮಧ್ಯೆ ಇಟ್ಟು ಸ್ವಿಚ್ ಹಾಕುವುದು ಬೆಂಕಿಗೆ ದಾರಿ.

ಇಷ್ಟೆಲ್ಲ ಆದ ಮೇಲೆ ಮಾಸ್ಕ್. ಬಟ್ಟೆ ಮಾಸ್ಕ್, ಎನ್95 ಎರಡೂ ಧೂಳಿಗೆ. ಆವಿ ಅದರಲ್ಲಿ ಸಲೀಸಾಗಿ ಹೋಗುತ್ತದೆ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಅರ್ಧಮುಖದ ಮಾಸ್ಕ್ ಬೇಕು, ಕಾರ್ಟ್ರಿಜ್‌ಗೆ ದಿನಾಂಕ ಬರೆದು ಅವಧಿಗೆ ಸರಿಯಾಗಿ ಬದಲಾಯಿಸಬೇಕು, ವಾಸನೆ ಬರಲಿ ಅಂತ ಕಾಯಬಾರದು. ಗಡ್ಡ ಇದ್ದರೆ ಅಂಚು ಕೂರುವುದಿಲ್ಲ. ಕೈಗವಸು ತೆಳು ರಬ್ಬರಿನದು ಬೇಡ, ಬೆಂಜೀನ್ ರಬ್ಬರನ್ನೇ ಕರಗಿಸುವ ವಸ್ತು ಅಲ್ವಾ. ನೈಟ್ರೈಲ್ ಗವಸು ಹನಿ ಸಿಡಿದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಒದ್ದೆಯಾದ ಕೂಡಲೇ ತೆಗೆದು ಎಸೆಯಬೇಕು.

ಹಂತ 5: ರಕ್ತ ಪರೀಕ್ಷೆ, ಒಂದು ಸಲಕ್ಕೆ ಮುಗಿಯುವುದಲ್ಲ

ಸಿಬಿಸಿ ಅನ್ನುವ ಪರೀಕ್ಷೆ ಸಾಕು. ಯಾವ ಲ್ಯಾಬಿನಲ್ಲೂ ಮಾಡುತ್ತಾರೆ. ನಮ್ಮಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋದರೂ ಆಗುತ್ತದೆ. ಹಿಮೋಗ್ಲೋಬಿನ್, ಬಿಳಿ ಕಣ, ಅದರೊಳಗಿನ ಬಗೆಗಳು, ಪ್ಲೇಟ್‌ಲೆಟ್, ಎಲ್ಲದರ ಸಂಖ್ಯೆ ಬರುತ್ತದೆ. ಬಿಳಿ ಕಣ ಸಾಮಾನ್ಯವಾಗಿ 4,000ದಿಂದ 11,000, ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ.

ಚಿಕ್ಕಪ್ಪನಿಗೆ ಎಲ್ಲ ನಾರ್ಮಲ್ ಬಂತು. "ನೋಡು, ನಾನು ಹೇಳಿರಲಿಲ್ವಾ" ಅಂದರು. ನನಗೂ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಕಾಗದದ ನಿಜವಾದ ಉಪಯೋಗ ಶುರುವಾಗುವುದು ಮುಂದಿನ ವರ್ಷ. ಒಬ್ಬರ ಬಿಳಿ ಕಣ ಯಾವಾಗಲೂ 8,500 ಇರುತ್ತಿತ್ತು, ಮುಂದಿನ ವರ್ಷ 6,200, ಅದರ ಮುಂದಿನ ವರ್ಷ 4,600 ಅಂದುಕೊಳ್ಳಿ. ಮೂರೂ ಕಾಗದದಲ್ಲಿ ನಾರ್ಮಲ್ ಅಂತಲೇ ಇರುತ್ತದೆ. ಮೂರನ್ನೂ ಪಕ್ಕ ಪಕ್ಕ ಇಟ್ಟವರಿಗೆ ಮಾತ್ರ ಇಳಿಯುತ್ತಿರುವುದು ಕಾಣುತ್ತದೆ. ಅದಕ್ಕೆ ರಿಪೋರ್ಟ್ ಬಿಸಾಡಬೇಡಿ, ಸಂಖ್ಯೆಗಳನ್ನು ಅದೇ ನೋಟ್‌ಬುಕ್‌ನಲ್ಲಿ ಬರೆದಿಡಿ.

ಒಂದು ಸಲ ಕಡಿಮೆ ಬಂದರೆ ಗಾಬರಿ ಬೇಡ. ಡೆಂಗಿ ಬಂದರೂ ಪ್ಲೇಟ್‌ಲೆಟ್ ಬೀಳುತ್ತದೆ, ಬೇರೆ ವೈರಲ್ ಜ್ವರಕ್ಕೂ ಬಿಳಿ ಕಣ ಇಳಿಯುತ್ತದೆ. ಎರಡು ವಾರ ಬಿಟ್ಟು ಮತ್ತೆ ಮಾಡಿಸಿ. ಆಗಲೂ ಕಡಿಮೆ ಇದ್ದರೆ ಅಂಟಿನ ಕೆಲಸ ನಿಲ್ಲಿಸಿ ದೊಡ್ಡ ಡಾಕ್ಟರನ್ನು ನೋಡಿ, ರಕ್ತದ ತಜ್ಞರ ಹತ್ತಿರ ಕಳಿಸಲು ಕೇಳಿ. ವಿಪರೀತ ಸುಸ್ತು, ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಪೆಟ್ಟು ಬೀಳದೆಯೇ ನೀಲಿ ಕಲೆ, ಮತ್ತೆ ಮತ್ತೆ ಬರುವ ಜ್ವರ, ಇವಿದ್ದರೆ ಎರಡು ವಾರ ಕಾಯುವುದೂ ಬೇಡ.

ಡಾಕ್ಟರ ಮುಂದೆ ಕೂತಾಗ "ನಾನು ಇಷ್ಟು ವರ್ಷದಿಂದ ರಬ್ಬರ್ ಸಲ್ಯೂಷನ್, ಪೆಟ್ರೋಲ್ ಜೊತೆ ಕೆಲಸ ಮಾಡುತ್ತಿದ್ದೇನೆ" ಅಂತ ನೀವೇ ಬಾಯಿ ಬಿಟ್ಟು ಹೇಳಿ. ಅವರು ನೂರು ಜನರನ್ನು ನೋಡುವ ಗಡಿಬಿಡಿಯಲ್ಲಿ ಕೇಳದೆ ಇರಬಹುದು. ಚೀಟಿಯಲ್ಲಿ ನಿಮ್ಮ ಕಸುಬು ಬರೆಸಿಕೊಳ್ಳಿ.

ಹಂತ 6: ಕೂಲಿಗೆ ಇರುವವರು ತಿಳಿದಿರಬೇಕಾದದ್ದು

ಬೆಂಜೀನ್ ವಿಷ ಕಾನೂನಿನಲ್ಲಿ ಹೆಸರಿರುವ ರೋಗ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲೇ ಅದು ಇತ್ತು, ಕಂಡ ಡಾಕ್ಟರು ಸರ್ಕಾರಕ್ಕೆ ತಿಳಿಸಬೇಕು. ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೂ ಇತ್ತು. ಬೆಂಜೀನ್ ಬಗ್ಗೆಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1971ರಲ್ಲಿ ಒಂದು ಒಪ್ಪಂದ ಮಾಡಿತು, ಭಾರತ 1991ರಲ್ಲಿ ಅದನ್ನು ಒಪ್ಪಿಕೊಂಡಿತು. ಬಸುರಿಯರನ್ನು, ಹಾಲೂಡಿಸುವ ತಾಯಂದಿರನ್ನು, 18 ತುಂಬದವರನ್ನು ಬೆಂಜೀನ್ ತಾಗುವ ಕೆಲಸಕ್ಕೆ ಹಚ್ಚಬಾರದು ಅಂತ ಅದರಲ್ಲಿ ಇದೆ.

ಇಬ್ಬರು ಮೂವರು ಇರುವ ಪಂಕ್ಚರ್ ಅಂಗಡಿಗೆ ಇನ್ಸ್‌ಪೆಕ್ಟರ್ ಬರುವುದಿಲ್ಲ, ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಕೂಡ ಹತ್ತು ಜನ ಇರುವ ಕಡೆಗೆ. ಅಲ್ಲಿ ಕಾಪಾಡುವವರು ಅಂಗಡಿಯವರೇ. ರೀಟ್ರೆಡ್ ಘಟಕದಲ್ಲಿ ಹತ್ತು ಅಥವಾ ಜಾಸ್ತಿ ಜನ ಇದ್ದರೆ ಇಎಸ್‌ಐ ಕಾರ್ಡ್ ಕೇಳಿ ಪಡೆಯಿರಿ. ಸಂಬಳದ ಚೀಟಿ, ಹಾಜರಿ, ಏನು ಸಿಕ್ಕರೂ ಜೋಪಾನ ಮಾಡಿ. ಹತ್ತು ವರ್ಷದ ನಂತರ ರೋಗ ಕಂಡರೆ, ನೀವು ಅಲ್ಲಿ ಕೆಲಸ ಮಾಡಿದ್ದಿರಿ ಅಂತ ಹೇಳಲು ಬೇರೆ ಸಾಕ್ಷಿ ಇರುವುದಿಲ್ಲ.

ಹಂತ 7: ಮತ್ತೆ ಯಾವಾಗ

ಹೊಸ ಕಂಪನಿಯ ಡಬ್ಬಿ ಬಂದಾಗ ಮೊದಲ ಹಂತ. ಅಂಗಡಿ ಬೇರೆ ಮಳಿಗೆಗೆ ಹೋದಾಗ, ಮಳೆಗಾಲ ಶುರುವಾದಾಗ ಮೂರನೇ ಹಂತ. ಹೊಸ ಹುಡುಗ ಸೇರಿದಾಗ ಎಲ್ಲವೂ, ಅದರಲ್ಲೂ ಕೆಲಸ ಶುರು ಮಾಡುವ ಮೊದಲೇ ಅವನ ಸಿಬಿಸಿ.

ವರ್ಷಕ್ಕೊಮ್ಮೆ ತಪ್ಪದೆ ಮಾಡಲು ನಾವು ಆಯುಧ ಪೂಜೆ ಇಟ್ಟುಕೊಂಡಿದ್ದೇವೆ. ಆ ದಿನ ಹೇಗೂ ಕಂಪ್ರೆಸರ್ ತೊಳೆದು, ಜಾಕಿಗೆ, ಪಾನಾಗೆ ಕುಂಕುಮ ಹಚ್ಚಿ, ಡಬ್ಬಿಗಳನ್ನೆಲ್ಲ ಕೆಳಗಿಳಿಸುತ್ತೇವೆ. ಇಳಿಸಿದ ಡಬ್ಬಿಗಳನ್ನು ಮತ್ತೆ ಮೇಲಿಡುವ ಮೊದಲು ಒಂದೊಂದನ್ನೂ ಓದುತ್ತೇವೆ. ಹಿಂದಿನ ವಾರ ಎಲ್ಲರೂ ಪರೀಕ್ಷೆಗೆ ರಕ್ತ ಕೊಟ್ಟಿರುತ್ತೇವೆ. ಶಟರಿನ ಒಳಮೈಯಲ್ಲಿ ಚಿಕ್ಕಪ್ಪ ಬಿಳಿ ಪೇಂಟಿನಲ್ಲಿ ಸಂಖ್ಯೆ ಬರೆಯುತ್ತಾರೆ, ಇಸವಿ, ಬಿಳಿ ಕಣ, ಪ್ಲೇಟ್‌ಲೆಟ್. ಈಗ ಅವರದು ಮೂರು ಸಾಲು ಆಗಿದೆ. ಕಳೆದ ವರ್ಷ ಕೆಲಸಕ್ಕೆ ಸೇರಿದ ಹೊಳಲ್ಕೆರೆ ಕಡೆಯ ಹುಡುಗನದು ಒಂದು ಸಾಲು, ಅದರ ಕೆಳಗೆ ಅವನೇ ಅಳತೆ ಮಾಡಿ ಜಾಗ ಬಿಟ್ಟುಕೊಂಡಿದ್ದಾನೆ.